ದ್ರಾಕ್ಷಿ ಹುಳಿತ ಸೋಮವಾರ

ಶೆಡ್ಡಿನ ಮಾಲೀಕ ವಿಜಯಪುರದ ಇಬ್ರಾಹಿಂಪುರ ಓಣಿಯ ನಮ್ಮ ಮನೆ ಬಾಗಿಲಿಗೆ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಏಳಲಿಲ್ಲ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಎದ್ದರೆ ರೊಟ್ಟಿಯೂ ಸುಡುತ್ತದೆ, ಬಂದವನಿಗೂ ಧಿಮಾಕು ಬರುತ್ತದೆ. ಅವನು ಹೊಸ್ತಿಲಾಚೆ ನಿಂತೇ ಹೇಳಿದ. ತಿಕೋಟಾದ ಆಚೆ ತನ್ನದೊಂದು ಒಣದ್ರಾಕ್ಷಿ ಶೆಡ್ಡು ಇದೆ, ಹಂಗಾಮು ಶುರುವಾಗಿದೆ, ಆಳು ಸಿಗುತ್ತಿಲ್ಲ, ನಿಮ್ಮಲ್ಲಿ ಗಟ್ಟಿ ಗಂಡಸರು ಇದ್ದಾರಂತೆ, ಕಳಿಸುತ್ತೀರಾ ಎಂದು.

ಗಟ್ಟಿ ಎಂದದ್ದಕ್ಕೆ ಒಳಗೆ ಕೂತವರು ನಕ್ಕರು. ನಮ್ಮದು ಕುಡಿತ ಬಿಟ್ಟವರ ಮನೆ. ಆಸ್ಪತ್ರೆಯಲ್ಲಿ ಮೈಯೊಳಗಿನ ವಿಷ ಇಳಿಸಿಕೊಂಡು ಬಂದವರು ಸೀದಾ ತಮ್ಮ ಮನೆಗೆ ಹೋದರೆ ಮತ್ತೆ ಅದೇ ಓಣಿ, ಅದೇ ಗೆಳೆಯರು, ಅದೇ ಅಂಗಡಿ. ಅದಕ್ಕೆ ನಡುವೆ ಕೆಲವು ತಿಂಗಳು ಇಲ್ಲಿರುತ್ತಾರೆ. ಒಟ್ಟಿಗೆ ಉಣ್ಣುತ್ತಾರೆ, ಒಟ್ಟಿಗೆ ದುಡಿಯುತ್ತಾರೆ, ಒಬ್ಬರ ಮೇಲೊಬ್ಬರು ಕಣ್ಣಿಡುತ್ತಾರೆ. ಮನೆ ನಡೆಸುವವಳು ಒಬ್ಬ ಸಲಹೆಗಾರ್ತಿ. ಓದಿದ ಹುಡುಗಿ, ಸಮಾಧಾನದವಳು. ಅಡಿಗೆ ನನ್ನದು, ಬೈಗುಳವೂ ನನ್ನದು.

ಆಗ ಮನೆಯಲ್ಲಿ ಮೂವರಿದ್ದರು. ಒಬ್ಬ ದರ್ಜಿ, ಇಬ್ರಾಹಿಂಪುರದವನೇ. ಬಿಟ್ಟು ವರ್ಷಗಳಾಗಿದ್ದವು. ಹೊಸಬರಿಗೆ ಜೊತೆಯಾಗಿರಲಿ ಎಂದು ಹಗಲೆಲ್ಲ ಇಲ್ಲೇ ಇರುತ್ತಿದ್ದ. ಇನ್ನೊಬ್ಬ ವೆಲ್ಡರ್, ಸೊಲ್ಲಾಪುರ ರಸ್ತೆಯಲ್ಲಿ ಗೇಟು, ಗ್ರಿಲ್ಲು ಮಾಡುತ್ತಿದ್ದವ. ಬಾಯಿ ಒಂದು ನಿಮಿಷ ಸುಮ್ಮನಿರದು. ಮೂರನೆಯವ ಬಬಲೇಶ್ವರದ ಟೆಂಪೋ ಡ್ರೈವರ್. ಅವನ ಬಾಯಿ ಬಿಡಿಸಲು ಎತ್ತು ಹೂಡಬೇಕು.

ಮಾಲೀಕನಿಗೆ ನಾನು ಒಂದೇ ಕರಾರು ಹಾಕಿದೆ. ಶೆಡ್ಡುಗಳಲ್ಲಿ ಒಂದು ರೂಢಿ ಇದೆ. ಸಂಜೆ ಕೆಲಸ ಇಳಿದ ಮೇಲೆ ಗಂಡಾಳುಗಳಿಗೆ ಕೂಲಿಯ ಜೊತೆ ಅಗ್ಗದ ವಿಸ್ಕಿಯ ಒಂದೊಂದು ಪಾಕೀಟು. ಕೊಡದ ಮಾಲೀಕ ಜಿಪುಣ ಎಂದು ಊರೆಲ್ಲ ಹೆಸರಾಗುತ್ತದೆ. ಆ ಪಾಕೀಟು ಶೆಡ್ಡಿನ ಗೇಟಿನೊಳಗೆ ಬರಬಾರದು, ನಮ್ಮವರಿಗೆ ಮಾತ್ರವಲ್ಲ, ಯಾರಿಗೂ, ಎಂದೆ. ಅವನು ತಲೆ ಕೆರೆದುಕೊಂಡ.

"ಹಂಗಾದ್ರ ಬ್ಯಾರೆ ಗಂಡಾಳು ಒಬ್ಬರೂ ಬರೂದಿಲ್ಲ ಆಯಿ."

"ಈಗರ ಯಾರ್ ಬಂದಾರ? ನೀ ನಮ್ಮ ಬಾಗಲದಾಗ ಯಾಕ ನಿಂತಿ?"

ಒಪ್ಪಿದ.

ಸಲಹೆಗಾರ್ತಿಗೆ ಮೊದಲು ಅಳುಕಿತ್ತು. ದ್ರಾಕ್ಷಿ ಎಂದರೆ ವೈನು ಎಂದು ಅವಳ ತಲೆಯಲ್ಲಿತ್ತು. ನಮ್ಮ ಕಡೆ ದ್ರಾಕ್ಷಿ ಎಂದರೆ ಮಣೂಕ, ಒಣಗಿಸಿ ಪೆಟ್ಟಿಗೆಗೆ ತುಂಬುವ ಮಾಲು, ಅದರಲ್ಲಿ ಅಮಲಿನ ಹನಿಯೂ ಇರುವುದಿಲ್ಲ ಎಂದು ನಾನೇ ಹೇಳಿದೆ. ಬರೀ ಕೂತು ಮನಸ್ಸನ್ನು ಕೆದಕುವುದಕ್ಕಿಂತ ಕೈಗೆ ಕೆಲಸ ಬಂದರೆ ಒಳ್ಳೆಯದು ಎಂದು ಅವಳೂ ಹೂಂ ಅಂದಳು. ಶೆಡ್ಡಿನಲ್ಲೂ ಮನೆಯ ನಿಯಮ ಬಿಡಬಾರದು, ನಾನು ಜೊತೆಗೆ ಹೋಗಬೇಕು ಎಂದಳು. ಹೋಗದೆ ಬಿಡುತ್ತಿದ್ದೆನೇ?

ನಿಯಮ ದೊಡ್ಡದೇನಲ್ಲ. ಬೆಳಿಗ್ಗೆ ಗುಳಿಗೆ ಎಲ್ಲರ ಎದುರಿಗೆ ನುಂಗಬೇಕು. ಯಾರೂ ಒಬ್ಬರೇ ಇರಬಾರದು. ಕುಡಿಯಬೇಕು ಅನಿಸಿದರೆ ಆ ಕ್ಷಣವೇ ಬಾಯಿ ಬಿಟ್ಟು ಹೇಳಬೇಕು, ನಾಚಬಾರದು. ಹೇಳಿದವನನ್ನು ಆ ಜಾಗದಿಂದ ಎಬ್ಬಿಸಿ, ಹೊಟ್ಟೆಗೆ ಏನಾದರೂ ಕೊಟ್ಟು, ಆ ಚಪಲ ಇಳಿಯುವವರೆಗೆ ಒಬ್ಬರು ಪಕ್ಕದಲ್ಲಿ ಕೂರಬೇಕು. ಅದು ಇಳಿಯುತ್ತದೆ. ಏರಿದಾಗ ಮಾತ್ರ ಇಳಿಯುವುದೇ ಇಲ್ಲ ಅನಿಸುತ್ತದೆ. ಇನ್ನು ಯಾರಾದರೂ ಕುಡಿದೇ ಬಿಟ್ಟರೆ ಹೊರಗೆ ಹಾಕುವುದಿಲ್ಲ, ಅದೇ ದಿನ ಡಾಕ್ಟರ ಮುಂದೆ ನಿಲ್ಲಿಸುತ್ತೇವೆ.

ಶೆಡ್ಡಿನ ಕೆಲಸ ನನಗೇ ಹೊಸದು. ನನಗೆ ಈ ವಯಸ್ಸಿನಲ್ಲಿ ಹೊಸದು ಎಂದರೆ ಮೊಣಕಾಲು ನೋವೊಂದೇ ಅಂದುಕೊಂಡಿದ್ದೆ. ಅಲ್ಲಿ ಹೋಗಿ ನಿಂತ ಮೇಲೆ ಮೊಣಕಾಲು ಮರೆತೇ ಹೋಯಿತು. ತೋಟದಿಂದ ಟ್ರ್ಯಾಕ್ಟರಿನಲ್ಲಿ ಗೊಂಚಲು ತುಂಬಿದ ಕ್ರೇಟುಗಳು ಬರುತ್ತವೆ. ದೊಡ್ಡ ತೊಟ್ಟಿಯಲ್ಲಿ ನೀರು, ಅದಕ್ಕೆ ಪೊಟ್ಯಾಶ್ ಪುಡಿ, ಒಂದು ತರಹದ ಎಣ್ಣೆ. ಕ್ರೇಟನ್ನು ಅದರಲ್ಲಿ ಮುಳುಗಿಸಿ ಸ್ವಲ್ಪ ಹೊತ್ತು ಬಿಡಬೇಕು. ಹಣ್ಣಿನ ಮೇಲಿನ ಮೇಣ ಕರಗುತ್ತದೆ, ಒಳಗಿನ ನೀರು ಬೇಗ ಆರುತ್ತದೆ. ಎತ್ತಿ ಸೋಸಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಗೊಂಚಲುಗಳನ್ನು ಹರವಬೇಕು. ಮೇಲೆ ತಗಡಿನ ಮಾಡು, ಸುತ್ತ ಗೋಡೆ ಇಲ್ಲ, ಬರೀ ಎತ್ತಿ ಇಳಿಸುವ ಪರದೆ. ಗಾಳಿ ಈ ಕಡೆಯಿಂದ ಬಂದು ಆ ಕಡೆಗೆ ಹೋಗಬೇಕು. ಬಿಸಿಲು ತಾಗಬಾರದು, ನೀರು ತಾಗಲೇಬಾರದು.

ಮೊದಲ ದಿನ ನಮ್ಮವರ ಕೈ ನಡುಗುತ್ತಿದ್ದವು. ಗೊಂಚಲು ಹಿಡಿದರೆ ಹಣ್ಣು ಉದುರುತ್ತಿದ್ದವು. ಹಣ್ಣು ಕೊಯ್ಯಲು ಬಂದ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದರು. ವಾರ ಕಳೆಯುವುದರೊಳಗೆ ಡ್ರೈವರ್ ಕೆಳಗಿನಿಂದ ಗೊಂಚಲು ಎಸೆಯುವುದು, ಮೇಲಿನ ಬಲೆಯಲ್ಲಿ ಕೂತ ವೆಲ್ಡರ್ ಹಿಡಿಯುವುದು, ಒಂದೂ ತಪ್ಪದು. ಹಸಿರು ಹಣ್ಣು ದಿನದಿಂದ ದಿನಕ್ಕೆ ಸುಕ್ಕುಗಟ್ಟಿ ಬಂಗಾರದ ಬಣ್ಣಕ್ಕೆ ತಿರುಗುವುದನ್ನು ನೋಡಲು ನಾನು ಬೆಳಿಗ್ಗೆ ಚಹಾ ಬಿಟ್ಟು ಓಡುತ್ತಿದ್ದೆ. ಸಂಜೆ ಪಾಕೀಟಿನ ಬದಲು ಬೆಲ್ಲದ ಚಹಾ, ಚುರುಮುರಿ, ಹುರಿದ ಶೇಂಗಾ. ದರ್ಜಿ ತನ್ನ ಹಳೆಯ ಗಿರಾಕಿಗಳ ನಕಲು ಮಾಡುತ್ತಿದ್ದ. ಮಾಲೀಕನೂ ಬಂದು ಕೂರತೊಡಗಿದ.

ಡ್ರೈವರನ ಹೆಂಡತಿಯ ವಿಷಯ ಇಲ್ಲೇ ಹೇಳಬೇಕು, ಏಕೆಂದರೆ ಇದೆಲ್ಲ ಅಲ್ಲಿಗೇ ಹೋಗಿ ಮುಟ್ಟುತ್ತದೆ. ಅವಳು ಬಬಲೇಶ್ವರದಲ್ಲಿ ಅತ್ತೆ ಮತ್ತು ಮಗಳ ಜೊತೆ ಇದ್ದಳು. ಇವನು ಕುಡಿದು ಬಾಗಿಲು ಬಡಿಯುತ್ತಿದ್ದ ದಿನಗಳನ್ನು ಅವಳೊಬ್ಬಳೇ ದಾಟಿದ್ದಳು. ಹಂಗಾಮು ಮುಗಿದರೆ ಇವನ ಅವಧಿಯೂ ಮುಗಿಯುತ್ತಿತ್ತು. ಮನೆಗೆ ಕರೆದುಕೊಳ್ಳುತ್ತೀಯಾ ಎಂದು ಸಲಹೆಗಾರ್ತಿ ಕೇಳಿದಾಗ ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಶಾಣ್ಯಾರಾಗಿ ಕಾಣುತ್ತಾರೆ, ದುಡಿಯುವ ಜಾಗದಲ್ಲಿ ನಾನೇ ಕಣ್ಣಾರೆ ನೋಡಿ ಹೇಳುತ್ತೇನೆ ಅಂದಳು. ಬರುವ ಸೋಮವಾರ ಶೆಡ್ಡಿಗೆ ಬರುತ್ತೇನೆ ಅಂದಳು. ಅವಳ ಲೆಕ್ಕ ನನಗೆ ಸರಿ ಕಂಡಿತು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಡ್ರೈವರ್ ಆ ಸೋಮವಾರಕ್ಕಾಗಿ ಅಂಗಿ ಒಗೆದು ಇಸ್ತ್ರಿ ಮಾಡಿಟ್ಟಿದ್ದ. ದರ್ಜಿ ಅದರ ಗುಂಡಿ ಹೊಲಿದುಕೊಟ್ಟಿದ್ದ.

ಶನಿವಾರ ಸಂಜೆ ಮೋಡ ಕವಿಯಿತು. ಮಾಲೀಕ ಮಳೆಗೆ ಹೆದರಿ ತೋಟದಲ್ಲಿ ಉಳಿದ ಹಣ್ಣನ್ನೆಲ್ಲ ಒಮ್ಮೆಲೇ ಕೊಯ್ಯಿಸಿ ತಂದು ಶೆಡ್ಡಿನ ಮುಂದೆ ಇಳಿಸಿ, ನೆಂಟರ ಮದುವೆಗೆ ಅವಸರದಲ್ಲಿ ಹೊರಟುಹೋದ. ಕತ್ತಲಾಗುತ್ತಿತ್ತು, ಅದ್ದುವ ನೀರು ಮುಗಿದಿತ್ತು. ಭಾನುವಾರ ಮನೆಯಲ್ಲಿ ಎಲ್ಲರೂ ಕೂತು ಮಾತಾಡುವ ದಿನ, ಶೆಡ್ಡಿಗೆ ಬರುವಂತಿಲ್ಲ. ನಾನು ಊರ ಹೆಂಗಸರ ಜೊತೆ ಅಡಿಗೆ ಸಾಮಾನು ಕಟ್ಟುತ್ತಿದ್ದಾಗ ವೆಲ್ಡರ್ ಒಂದು ಒಳ್ಳೆಯ ಕೆಲಸ ಮಾಡಿದ. ಮಳೆ ಬಂದರೆ ಹಣ್ಣು ತೋಯಬಾರದೆಂದು ಕ್ರೇಟುಗಳ ರಾಶಿಗೆ ದಪ್ಪ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ. ಬರೀ ಹೊದಿಸಲಿಲ್ಲ, ಅಂಚುಗಳನ್ನು ಒಳಗೆ ಮಡಚಿ, ಹಗ್ಗ ಬಿಗಿದು, ಮೇಲೆ ಕಲ್ಲು ಹೇರಿದ. ಇರುವೆ ಹೋಗಲು ಸಂದು ಬಿಡಲಿಲ್ಲ. ಕಬ್ಬಿಣದ ಹಾಳೆಯನ್ನು ಮಳೆಯಿಂದ ಕಾಯುವುದು ಹಾಗೆಯೇ. ಅವನ ಜೀವನವೆಲ್ಲ ಕಬ್ಬಿಣ. ಕಬ್ಬಿಣಕ್ಕೆ ಉಸಿರು ಬೇಕಾಗಿಲ್ಲ, ಹಣ್ಣಿಗೆ ಬೇಕು. ಅದು ಅವನಿಗೆ ಹೊಳೆಯಲಿಲ್ಲ.

ಭಾನುವಾರ ಮಳೆ ಬರಲೇ ಇಲ್ಲ. ಕುದಿಯುವಂಥ ಸೆಕೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆವು. ಮದುವೆಯಿಂದ ಸೀದಾ ಶೆಡ್ಡಿಗೆ ಬಂದಿದ್ದ ಮಾಲೀಕ ಆಗಲೇ ತೊಟ್ಟಿ ತುಂಬಿಸಿ ಪುಡಿ ಕದಡುತ್ತಿದ್ದ. ಮಧ್ಯಾಹ್ನಕ್ಕೆ ಮಳೆ ಗ್ಯಾರಂಟಿ, ಅಷ್ಟರೊಳಗೆ ಎಲ್ಲ ಅದ್ದಿ ಬಲೆಗೆ ಏರಿಸಿ ಪರದೆ ಇಳಿಸಬೇಕು ಎಂದ. ವೆಲ್ಡರ್ ಹೆಮ್ಮೆಯಿಂದ ಹೋಗಿ ಕಲ್ಲು ಸರಿಸಿ ತಾಡಪತ್ರಿ ಎಳೆದ.

ವಾಸನೆ ಬಂದು ಮುಖಕ್ಕೆ ಹೊಡೆಯಿತು. ಮೇಲಿನ ಕ್ರೇಟುಗಳು ಚೆನ್ನಾಗಿಯೇ ಇದ್ದವು, ತಳದವು ಭಾರಕ್ಕೆ ನುಗ್ಗಾಗಿ, ರಸ ಇಳಿದು, ಆ ರಸ ಸೆಕೆಗೆ ನೊರೆ ಬಂದು ಗುಳುಗುಳು ಅನ್ನುತ್ತಿತ್ತು. ಹುಳಿ, ಸಿಹಿ, ಮೂಗಿನ ಒಳಗೆ ಚುಚ್ಚುವಂಥದ್ದು. ಅದು ಏನು ಎಂದು ನಮ್ಮ ಮೂವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವರೂ ಒಟ್ಟಿಗೆ ಸುಮ್ಮನಾದರು. ವೆಲ್ಡರ್ ಕೂಡ. ಅವನು ಸುಮ್ಮನಾದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ದರ್ಜಿ ಮೊದಲು ಬಾಯಿ ಬಿಟ್ಟ. ನನಗೆ ಇದು ಆಗಿಬರುವುದಿಲ್ಲ, ಒಂದು ಸುತ್ತು ರಸ್ತೆಗೆ ಹೋಗಿ ಬರುತ್ತೇನೆ, ಯಾರಾದರೂ ಜೊತೆ ಬನ್ನಿ ಎಂದ. ಅಷ್ಟು ವರ್ಷ ಬಿಟ್ಟವನು. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಬೇವಿನ ಮರದ ಕೆಳಗೆ ಕೂರಿಸಿ ರೊಟ್ಟಿ, ಕಾಳಪಲ್ಲೆ ಕೊಟ್ಟೆ. ಹೊಟ್ಟೆ ತುಂಬಿದವನಿಗೆ ಚಪಲ ಅರ್ಧ. ಆಮೇಲೆ ಕೆಲಸ ಹಂಚಿದೆ. ಗಂಡಸರು ಮೂವರೂ ಗಾಳಿ ಇರುವ ಬಲೆಯ ಕಡೆ ಇರಬೇಕು, ಒಳ್ಳೆಯ ಹಣ್ಣು ಹರವಬೇಕು. ಕೆಟ್ಟ ಕ್ರೇಟು ಬೇರೆ ಮಾಡುವುದು, ತಿಪ್ಪೆಗುಂಡಿಗೆ ಸುರಿಯುವುದು ನಾನು ಮತ್ತು ಊರ ಹೆಂಗಸರು.

ಕೆಲಸ ಹತ್ತಿತು, ಓಡತೊಡಗಿತು. ತೊಟ್ಟಿಯಿಂದ ಬಲೆಗೆ, ಬಲೆಯಿಂದ ತೊಟ್ಟಿಗೆ. ಪಡುವಣದ ಮೋಡ ನೋಡುವುದು, ಮತ್ತೆ ಓಡುವುದು. ಆದರೆ ಹೆಂಗಸರ ಕೈಗೆ ಕೆಟ್ಟ ಕ್ರೇಟುಗಳು ಸಾಗುತ್ತಿರಲಿಲ್ಲ. ರಸ ತುಂಬಿ ಕಲ್ಲಿನ ಹಾಗೆ ತೂಕ. ವೆಲ್ಡರಿಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ನನ್ನ ತಪ್ಪಿಗೆ ಮುದುಕಿ ಹೊರುವುದೇ ಎಂದು ನನಗೆ ಕಾಣದಂತೆ ಇಳಿದು, ಎರಡೆರಡು ಕ್ರೇಟು ಹೊತ್ತು ಗುಂಡಿಯ ಕಡೆ ಹೋಗತೊಡಗಿದ. ಒಬ್ಬನೇ. ಗುಂಡಿ ಶೆಡ್ಡಿನ ಹಿಂದೆ, ಯಾರಿಗೂ ಕಾಣದು.

ಅವನ ದನಿ ಕೇಳದೆ ಬಹಳ ಹೊತ್ತಾಯಿತು ಎಂದು ಮೊದಲು ಗಮನಿಸಿದವ ದರ್ಜಿ. ಹೋಗಿ ನೋಡಿದರೆ ಕ್ರೇಟಿನ ಮೂಲೆಗೆ ಬಾಯಿ ಇಟ್ಟಿದ್ದ. ಗಡ್ಡದಿಂದ ರಸ ಸೋರುತ್ತಿತ್ತು. ನಾನು ಓಡಿ ಹೋಗುವಷ್ಟರಲ್ಲಿ ದರ್ಜಿ ಅವನ ತೋಳು ಹಿಡಿದು ಎಬ್ಬಿಸಿದ್ದ.

"ಆಯಿ, ರುಚಿ ನೋಡಿದೆ ಅಷ್ಟ," ಅಂದ ವೆಲ್ಡರ್. ನಕ್ಕ. ಆ ನಗೆ ಅವನದಲ್ಲ.

"ಎಷ್ಟ ನೋಡಿದಿ?"

ಅವನು ನೆಲ ನೋಡಿದ. "ಬಾಳ."

ಬೈಯಲಿಲ್ಲ. ಬೈದರೆ ಸುಳ್ಳು ಹೇಳಲು ಕಲಿಯುತ್ತಾನೆ, ಖರೆ ಹೇಳಿದ್ದಾನೆ. ದರ್ಜಿ ಅವನ ಹೆಗಲಿಗೆ ಟವೆಲ್ ಹಾಕಿ, ನಡಿ ಭಾಯಿ, ಡಾಕ್ಟರ ಚಹಾ ಕುಡಸ್ತಾರ ಎಂದು ರಸ್ತೆಗೆ ಕರೆದೊಯ್ದ. ಸಿಕ್ಕಿದ ಟಂಟಂ ಆಟೋ ಹತ್ತಿಸಿದ. ಹೋಗುವಾಗಲೂ ವೆಲ್ಡರ್ ಹಿಂದೆ ತಿರುಗಿ, ಬಲೆ ತುಂಬಿಸಿ ಆಯಿ, ತುಂಬಿಸಿ ಅನ್ನುತ್ತಿದ್ದ.

ಕ್ಷಣದಲ್ಲಿ ಎರಡು ಕೈ ಹೋದವು. ಉಳಿದವನು ಡ್ರೈವರ್ ಒಬ್ಬ. ಮೋಡ ಇನ್ನಷ್ಟು ಕಪ್ಪಾಯಿತು. ಮಾಲೀಕ ಕೂಗಾಡತೊಡಗಿದ. ಕೆಟ್ಟ ಕ್ರೇಟು ದಾರಿಗೆ ಅಡ್ಡ ಇವೆ, ಅವು ಹೋಗದೆ ಒಳ್ಳೆಯವು ಒಳಗೆ ಬರುವುದಿಲ್ಲ, ನೊಣ ಮುತ್ತಿದವು, ಹುಳಿ ಒಳ್ಳೆಯದಕ್ಕೂ ಹತ್ತುತ್ತದೆ ಎಂದ. ಅದರಲ್ಲಿ ಸುಳ್ಳಿರಲಿಲ್ಲ. ಡ್ರೈವರ್ ನನ್ನ ಕಡೆ ನೋಡಿದ, ಇಳಿದು ಬಂದು ಕ್ರೇಟು ಎತ್ತಿದ. ನಾನು ಅವನ ಹಿಂದೆಯೇ ಹೋದೆ, ಕ್ರೇಟಿನ ಒಂದು ಕಿವಿ ನಾನು ಹಿಡಿದೆ. ಹೀಗೆ ಹಲವು ಸಲ ಹೋಗಿ ಬಂದೆವು. ಇಸ್ತ್ರಿ ಮಾಡಿದ ಅಂಗಿ ಎದೆಯಿಂದ ಹೊಟ್ಟೆಯವರೆಗೆ ತೊಯ್ದು ಅಂಟಿತು. ನನ್ನ ಸೀರೆಯೂ ಅಷ್ಟೇ.

ಒಮ್ಮೆ ಗುಂಡಿಯ ಬಳಿ ಅವನು ಕ್ರೇಟು ಕೆಳಗಿಟ್ಟ. ಸುರಿಯಲಿಲ್ಲ. ಕೈ ನೋಡಿಕೊಳ್ಳುತ್ತ ನಿಂತ.

"ಆಯಿ, ಕೈ ಬಾಯಿಗೆ ಹೋಗಾಕತ್ತೈತಿ. ನಾ ಬ್ಯಾಡಂದ್ರೂ ಹೋಗಾಕತ್ತೈತಿ."

ಅಷ್ಟು ದಿನಗಳಲ್ಲಿ ಅವನ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಕ್ರೇಟು ಅಲ್ಲೇ ಬಿಟ್ಟು ಅವನ ಮಣಿಕಟ್ಟು ಹಿಡಿದು ಬೇವಿನ ಮರದವರೆಗೆ ಎಳೆದುಕೊಂಡು ಹೋದೆ. ಬಾಯಿಗೆ ಬೆಲ್ಲದ ಹೆಂಟೆ ಇಟ್ಟೆ. ಕೂತ. ನಡುಗುತ್ತಿದ್ದ. ಮಾಲೀಕ ಹಿಂದೆಯೇ ಓಡಿಬಂದ.

"ಈಗ ಕೂತ್ರ ಹ್ಯಾಂಗ್ರಿ ಆಯಿ? ಮಾಲ ಎಲ್ಲಾ ಹೋಕ್ಕೈತಿ."

"ಹೋಗಲಿ. ನನ್ನ ಹುಡುಗ ಆ ಕ್ರೇಟ್ ಮುಟ್ಟಾಂಗಿಲ್ಲ."

"ನನ್ನ ವರ್ಷದ ದುಡಿಮಿ ಅದು."

"ಇದು ಅವನ ಜೀವ. ನಿನ್ನ ಮಾಲ, ನೀ ಹೊರು."

ಅವನಿಗೆ ಅಂಥ ಮಾತು ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಮದುವೆಗೆ ಹಾಕಿದ ಬಿಳಿ ಪ್ಯಾಂಟಿನ ಕಾಲು ಮಡಚಿ ಹೋಗಿ ಕ್ರೇಟು ಎತ್ತಿದ. ಹೆಂಗಸರು ಹೋ ಎಂದು ಕೂಗಿದರು. ಒಬ್ಬಾಕೆ, ಸಾವಕಾರ್ರ ಸೊಂಟ ಹಿಡದೀತು ನೋಡ್ರವಾ ಅಂದಳು. ಅವನೂ ನಕ್ಕು ಹೊತ್ತ. ಖುಷಿಯಲ್ಲೋ ಸಿಟ್ಟಿನಲ್ಲೋ, ಓಡುತ್ತಲೇ ಹೊತ್ತ.

ಮರದ ಕೆಳಗೆ ಡ್ರೈವರ್ ತನ್ನ ಅಂಗಿ ಮೂಸಿ ನೋಡಿಕೊಂಡ. ಅವನಿಗೆ ಆಗ ನೆನಪಾಯಿತು. ಹೆಂಡತಿ ಬರುವ ಹೊತ್ತು, ಹೀಗೆ ನಾರುತ್ತ ಹೇಗೆ ಎದುರಿಗೆ ನಿಲ್ಲಲಿ, ಫೋನ್ ಮಾಡಿ ಇವತ್ತು ಬೇಡ ಅನ್ನಿ, ಬೇರೆ ದಿನ ಬಾ ಅನ್ನಿ ಎಂದ. ನನಗೂ ಅದೇ ಸರಿ ಅನಿಸಿತು. ಯಾವ ಹೆಂಗಸು ನಂಬುತ್ತಾಳೆ? ಅಷ್ಟು ವರ್ಷ ಅದೇ ವಾಸನೆಗೆ ಬಾಗಿಲು ತೆರೆದವಳು. ಮೊದಲು ಸಲಹೆಗಾರ್ತಿಗೆ ಫೋನ್ ಹಚ್ಚಿ ವೆಲ್ಡರನ ಸುದ್ದಿ ಹೇಳಿದೆ, ಇದನ್ನೂ ಹೇಳಿದೆ. ಅವಳು ಒಂದು ಮಾತು ಕೇಳಿದಳು. ಅವನ ಹೆಂಡತಿಗೆ ಏನು ಕಾರಣ ಹೇಳುತ್ತೀರಿ? ಮಳೆ ಅಂತ ಹೇಳುತ್ತೀರಾ? ಹೇಳುವುದಾದರೆ ಅವನನ್ನು ಕೇಳಿಯೇ ಹೇಳಿ, ಅಂದಳು.

ಡ್ರೈವರನ್ನು ಕೇಳಿದೆ. ಮಳೆ ಬರುತ್ತದೆ, ಬರಬೇಡ ಅನ್ನಲೇ ಎಂದು. ಅವನು ಬೆಲ್ಲ ಚೀಪುತ್ತ ರಸ್ತೆ ನೋಡಿದ. ನಾನು ಅವನ ಕೈ ಬಿಟ್ಟಿರಲಿಲ್ಲ. ನಡುಕ ಇಳಿಯುತ್ತಿರುವುದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು.

"ಮೊದಲೂ ಹಂಗ ಹೇಳತಿದ್ದೆ ಆಯಿ," ಅಂದ. "ಟೈರ್ ಪಂಚರ್, ಬಾಡಿಗಿ ಲೇಟ್. ಬರ್ಲಿ ಬಿಡ್ರಿ."

ಬಂದಳು. ಬಸ್ಸು ಇಳಿದು ಚೀಲ ಬಗಲಿಗೆ ಇಟ್ಟುಕೊಂಡು ಸೀದಾ ಮರದ ಕಡೆ ನಡೆದು ಬಂದಳು. ಎತ್ತರದ ಹೆಂಗಸು, ಬಿರುಸು ನಡಿಗೆ. ಅವಳು ಕಂಡದ್ದು ಏನು? ಉಳಿದವರೆಲ್ಲ ಓಡಾಡಿ ದುಡಿಯುತ್ತಿದ್ದಾರೆ, ಇವಳ ಗಂಡ ನೆರಳಲ್ಲಿ ಕೂತಿದ್ದಾನೆ. ಇನ್ನೂ ಹತ್ತಿರ ಬಂದಳು. ನಿಂತಳು. ಮೂಗಿಗೆ ತಾಗಿದ್ದು ಅವಳ ಮುಖದ ಮೇಲೆ ಕಂಡಿತು. ಚೀಲವನ್ನು ಇನ್ನೊಂದು ಬಗಲಿಗೆ ಬದಲಿಸಿ, ಬಂದ ದಾರಿಗೆ ತಿರುಗಿದಳು.

ಡ್ರೈವರ್ ಎದ್ದು ನಿಂತ. ಹಿಂದೆ ಓಡಲಿಲ್ಲ. ನಿಂತಲ್ಲೇ ಹೇಳಿದ.

"ಕುಡದಿಲ್ಲ. ಕುಡೀಬೇಕು ಅನಿಸಿತ್ತು. ಈಗೂ ಒಂದೀಟ ಅನಸ್ತೈತಿ. ಎರಡೂ ಖರೇ."

ಅವಳು ನಿಂತಳು. ನನ್ನ ಕಡೆ ನೋಡಿದಳು, ನೀವಾದರೂ ಹೇಳಿ ಅನ್ನುವ ಹಾಗೆ.

"ನಾ ಸಾಕ್ಷಿ ಹೇಳಾಂಗಿಲ್ಲ ಬೇ," ಅಂದೆ. "ನೋಡಾಕ ಬಂದೀ ಹೌದಿಲ್ಲೋ? ನೋಡು."

ಸಾಕ್ಷಿ ಹೇಳಬಹುದಿತ್ತು. ಹೇಳಿದ್ದರೆ ಅವಳು ನನ್ನನ್ನು ನಂಬಿ ಅವನನ್ನು ಕರೆದೊಯ್ಯುತ್ತಿದ್ದಳು. ನಾನೇನು ಅವರ ಅಡಿಗೆಮನೆಯಲ್ಲಿ ಇರುತ್ತೇನೆಯೇ?

ಆಗ ಗುಡುಗಿತು. ಗಾಳಿ ಎದ್ದು ಶೆಡ್ಡಿನ ಪರದೆಗಳು ಪಟಪಟ ಬಡಿದುಕೊಂಡವು. ಮಾಲೀಕ ಗುಂಡಿಯ ಕಡೆಯಿಂದ ಓಡಿಬಂದು, ಕೆಟ್ಟದ್ದೆಲ್ಲ ಹೋಯಿತು, ದಾರಿ ಖಾಲಿ, ಬನ್ನಿ ಬನ್ನಿ ಎಂದು ಕೂಗಿದ. ಮದುವೆ ಪ್ಯಾಂಟು ಸೊಂಟದವರೆಗೆ ಕೆಸರು, ರಸ. ಡ್ರೈವರ್ ಹೆಂಡತಿಯನ್ನು ಒಮ್ಮೆ ನೋಡಿದ, ಆಮೇಲೆ ಓಡಿದ. ನಾನೂ ನನಗಾದಷ್ಟು ಓಡಿದೆ. ನಮ್ಮ ಹಿಂದೆ ಇನ್ನೊಂದು ಜೋಡಿ ಕಾಲಿನ ಸಪ್ಪಳ ಕೇಳಿತು. ಅವಳು ಚೀಲವನ್ನು ಮರದ ಬುಡಕ್ಕೆ ಒಗೆದು, ಸೀರೆ ಕಚ್ಚೆ ಹಾಕುತ್ತ ಬರುತ್ತಿದ್ದಳು.

ಅವಳ ತವರಿನಲ್ಲಿ ದ್ರಾಕ್ಷಿ ತೋಟವಿದ್ದದ್ದು ನನಗೆ ಗೊತ್ತಿರಲಿಲ್ಲ. ತೊಟ್ಟಿಗೆ ಕೈ ಹಾಕಿ ಎರಡು ಬೆರಳು ಉಜ್ಜಿ ನೋಡಿದಳು, ಎಣ್ಣೆ ಕಡಿಮೆ ಆಗೈತಿ ಅಂದಳು, ಮಾಲೀಕ ಓಡಿ ಹೋಗಿ ತಂದ. ಹುಳಿ ರಸ ಅಂಟಿದ ಗೊಂಚಲುಗಳನ್ನು ಅವಳೇ ಎತ್ತಿ ಎತ್ತಿ, ಒಡೆದ ಹಣ್ಣು ಚಿವುಟಿ ಎಸೆದು, ಉಳಿದದ್ದನ್ನು ನೀರಲ್ಲಿ ಜಾಲಾಡಿ ತೊಟ್ಟಿಗೆ ಇಳಿಸಿದಳು. ಮೊದಲಿನ ಏರ್ಪಾಟಿನಲ್ಲಿ ಎಸೆಯುವವನು ಡ್ರೈವರ್, ಹಿಡಿಯುವವನು ವೆಲ್ಡರ್. ಈಗ ಡ್ರೈವರ್ ಮೇಲಿನ ಬಲೆಗೆ ಹತ್ತಿದ, ಅಲ್ಲಿ ಗಾಳಿ ಇತ್ತು, ವಾಸನೆ ಕಡಿಮೆ. ಎಸೆಯುವವಳು ಅವಳು.

ಎಸೆತ ಎಂದರೆ ಎಸೆತ. ಎಷ್ಟೋ ವರ್ಷಗಳ ಸಿಟ್ಟೆಲ್ಲ ಆ ತೋಳಿನಲ್ಲಿತ್ತು. ಮೊದಲ ಗೊಂಚಲು ಅವನ ಮುಖಕ್ಕೇ ಹೋಗಿ ಬಿತ್ತು. ಎರಡನೆಯದು ಎದೆಗೆ. ಊರ ಹೆಂಗಸರು ಕೆಲಸ ಬಿಟ್ಟು ನೋಡತೊಡಗಿದರು, ನಾನು ಬೈದು ಓಡಿಸಿದೆ. ಅವನು ಒರೆಸಿಕೊಳ್ಳಲೂ ಇಲ್ಲ. ಕೈ ಚಾಚಿ, ಇನ್ನೊಂದು ಎಂದ. ನಾನು ತೊಟ್ಟಿಯಿಂದ ಎತ್ತುವುದು, ಅವಳು ಎಸೆಯುವುದು, ಅವನು ಹಿಡಿದು ಹರವುವುದು. ಸ್ವಲ್ಪ ಹೊತ್ತಿಗೆ ಗೊಂಚಲು ಸೀದಾ ಕೈಗೇ ಬೀಳತೊಡಗಿದವು. ಬಲೆಯ ಮೇಲೆ ಹಸಿರು ಹಬ್ಬುತ್ತ ಹೋಯಿತು. ಮದುವೆ, ಮುಂಜಿ, ಮೊಮ್ಮಕ್ಕಳ ಬಾಣಂತನ ಎಲ್ಲ ಮಾಡಿದ್ದೇನೆ, ಆ ಮಧ್ಯಾಹ್ನದಂಥ ಹುರುಪು ನನ್ನ ಮೈಯಲ್ಲಿ ಯಾವತ್ತೂ ಎದ್ದಿರಲಿಲ್ಲ.

ಕೊನೆಯ ಕ್ರೇಟು ಬಲೆಗೆ ಏರುವಾಗ ಮೊದಲ ಹನಿ ತಗಡಿನ ಮೇಲೆ ಬಿತ್ತು. ಎಲ್ಲರೂ ಒಂದೊಂದು ಪರದೆಯ ಹಗ್ಗಕ್ಕೆ ಬಿದ್ದೆವು. ಒಂದು ಸಿಕ್ಕಿಹಾಕಿಕೊಂಡಿತು, ಡ್ರೈವರ್ ಕಂಬ ಹತ್ತಿ ಬಿಡಿಸಿದ. ಪರದೆ ಇಳಿದವು, ಮಾಲೀಕ ಫ್ಯಾನುಗಳ ಗುಂಡಿ ಒತ್ತಿದ, ಒಳಗೆ ಗಾಳಿ ಗುಂಯ್ ಎಂದು ತಿರುಗಿತು, ಹೊರಗೆ ಮಳೆ ಕಲ್ಲು ಸುರಿದ ಹಾಗೆ ಸುರಿಯಿತು. ತಳದ ಕ್ರೇಟುಗಳು ಹೋದವು. ಉಳಿದದ್ದೆಲ್ಲ ಒಳಗೆ, ಒಣ ಜಾಗದಲ್ಲಿ. ಮಾಲೀಕ ನನ್ನ ಕಾಲು ಮುಟ್ಟಲು ಬಂದ. ಕೈ ತೊಳೆದುಕೊಂಡು ಬಾ ಅಂದೆ.

ಮಳೆ ನಿಲ್ಲುವವರೆಗೆ ಬಲೆಗಳ ನಡುವೆ ಕೂತೆವು. ದರ್ಜಿಯ ಫೋನ್ ಬಂತು. ಡಾಕ್ಟರು ನೋಡಿದ್ದಾರೆ, ವೆಲ್ಡರನ್ನು ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತಾರೆ, ಆಮೇಲೆ ನಮ್ಮ ಮನೆಗೇ ಬರುತ್ತಾನೆ, ಹಣ್ಣು ಏನಾಯಿತು ಎಂದು ಕೇಳುತ್ತ ಮಲಗಿದ್ದಾನೆ ಎಂದ. ಏರಿತು ಅಂತ ಹೇಳು, ಇನ್ನೊಮ್ಮೆ ತಾಡಪತ್ರಿ ಮುಟ್ಟಿದರೆ ಕೈ ಮುರಿಯುತ್ತೇನೆ ಅಂತಲೂ ಹೇಳು ಅಂದೆ.

ಗಂಡ ಹೆಂಡತಿ ಒಂದೇ ಖಾಲಿ ಕ್ರೇಟು ಬೋರಲು ಹಾಕಿ ಅದರ ಎರಡು ತುದಿಗೆ ಕೂತಿದ್ದರು. ಅವಳು ಕೇಳಿದ್ದು ನನಗೆ ಕೇಳಿಸಿತು. ಕೇಳಿಸಿಕೊಳ್ಳಬಾರದೆಂದು ನಾನೇನು ಕಿವಿ ಮುಚ್ಚಿಕೊಳ್ಳಲಿಲ್ಲ.

"ಈಗ?"

"ಈಗ ಇಲ್ಲ," ಅಂದ.

"ಮುಂದ ಅನಿಸಿದ್ರ?"

"ಹೇಳ್ತೇನಿ."

"ನನ್ನ ಮುಂದ ಹೇಳ್ರಿ. ಟೈರ್ ಮುಂದ ಅಲ್ಲ."

ಅಷ್ಟೇ. ಮನೆಗೆ ಬಾ ಎಂಬ ಮಾತು ಬರಲಿಲ್ಲ. ಡ್ರೈವರ್ ಕೇಳಲೂ ಇಲ್ಲ. ನನ್ನ ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಸುಮ್ಮನಿದ್ದೆ.

ಮಳೆ ನಿಲ್ಲುವಷ್ಟರಲ್ಲಿ ಬಬಲೇಶ್ವರದ ಕಡೆ ಹೋಗುವ ಬಸ್ಸು ತಪ್ಪಿತ್ತು. ಅವಳು ನಮ್ಮ ಜೊತೆ ವಿಜಯಪುರಕ್ಕೆ ಬಂದು ಅಲ್ಲಿಂದ ಊರಿಗೆ ಹೋಗುವುದು ಎಂದಾಯಿತು. ಮೂವರೂ ಬಸ್ಸು ಹತ್ತಿದೆವು. ಹತ್ತಿದ್ದೇ ತಡ, ಮುಂದಿನ ಸೀಟಿನವರು ಮೂಗಿಗೆ ಕರ್ಚೀಪು ಹಿಡಿದರು. ಒಬ್ಬ ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಹೋದ. ಕಂಡಕ್ಟರ್ ಬಂದ. ಆಧಾರ್ ಕಾರ್ಡು ತೋರಿಸಿ ಎನ್ನಲು ಬಾಯಿ ತೆರೆದವನು ಮೂಗು ಅರಳಿಸಿ ನಿಂತ. ಮೊದಲು ನನ್ನನ್ನು ನೋಡಿದ, ಬಿಳಿ ಕೂದಲು ನೋಡಿ ಬಿಟ್ಟ. ಆಮೇಲೆ ಅವಳನ್ನು. ಅವಳ ಸೀರೆ, ಕೈ, ಕೂದಲು ಎಲ್ಲ ರಸ.

"ಅಕ್ಕಾರ, ಇಷ್ಟ ಕುಡದ ಬಸ್ ಹತ್ತಿದ್ರ ಹ್ಯಾಂಗ್ರಿ? ಮಂದಿ ಕುಂದರಬೇಕೋ ಬ್ಯಾಡೋ?"

ಅವಳು ಗಾಬರಿಯಾಗಿ ಎದ್ದೇ ಬಿಟ್ಟಳು. "ಕುಡದಿಲ್ರಿ. ದೇವರಾಣಿ ಕುಡದಿಲ್ಲ. ದ್ರಾಕ್ಷಿ ಶೆಡ್ಡಿನಾಗ ಕೆಲಸ ಮಾಡಿ ಬಂದೇನ್ರಿ."

"ಎಲ್ಲಾರೂ ಹಂಗ ಅಂತಾರ್ರಿ," ಅಂದ ಕಂಡಕ್ಟರ್. "ಕುಂದರ್ರಿ, ವಾಂತಿ ಮಾಡಬ್ಯಾಡ್ರಿ."

ಅವಳು ಕಿವಿಯವರೆಗೆ ಕೆಂಪಾದಳು. ಗಂಡನ ಕಡೆ ತಿರುಗಿದಳು. ಅವನು ಕಿಟಕಿಯ ಕಡೆ ಮುಖ ಮಾಡಿದ್ದ, ಹೆಗಲು ಕುಣಿಯುತ್ತಿದ್ದವು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ, ಗೊಳ್ಳೆಂದು ನಕ್ಕುಬಿಟ್ಟ. ಬಾಯಿ ಬಿಡದವನ ಬಾಯಲ್ಲಿ ಅಷ್ಟು ದೊಡ್ಡ ನಗೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಇಡೀ ಬಸ್ಸು ತಿರುಗಿ ನೋಡಿತು.

ಅವಳು ಮೊಣಕೈಯಿಂದ ಅವನ ಪಕ್ಕೆಗೆ ತಿವಿದಳು.

"ಸಾಕ, ಬಾಯಿ ಮುಚ್ಚಗೋರಿ. ಹಂಗಾಮ ಮುಗದ ಮರದಿನಾನ ಮನಿಗೆ ಬರ್ರಿ. ಬರೂಮುಂದ ಈ ಅಂಗಿ ಅಲ್ಲೇ ಸುಟ್ಟ ಬರ್ರಿ."